ಬಸ್ಸು ಠಾಣೆ ಕಡೆ ತಿರುಗಲಿ

ಪಿಯುಸಿ ಓದುವಾಗ ದಿನಾ ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ಬೆಳಿಗ್ಗೆ ಎಂಟೂವರೆಯ ಬಸ್ಸು, ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಂದು ದಿನ ಹಿಂದೆ ನಿಂತವನ ಕೈ ನನ್ನ ಸೊಂಟದ ಮೇಲೆ ಬಂತು. ಬ್ರೇಕ್ ಹಾಕಿದ್ದಕ್ಕೆ ಇರಬೇಕು ಅಂದುಕೊಂಡೆ. ಬಸ್ಸು ಮತ್ತೆ ವೇಗ ಹಿಡಿದರೂ ಕೈ ಅಲ್ಲೇ ಇತ್ತು. ಬ್ಯಾಗನ್ನು ಹಿಂದಕ್ಕೆ ಎಳೆದುಕೊಂಡೆ, ಕೈ ಬ್ಯಾಗಿನ ಕೆಳಗಿಂದ ಬಂತು. ದೊಡ್ಡಬಾತಿಯಲ್ಲಿ ಇಳಿದುಬಿಟ್ಟೆ. ಮುಂದಿನ ಬಸ್ಸು ಬರುವ ತನಕ ರಸ್ತೆ ಬದಿಯಲ್ಲಿ ನಿಂತೆ, ಮೊದಲ ಪೀರಿಯಡ್ ತಪ್ಪಿತು, ತಡವಾಗಿ ಬಂದಿದ್ದಕ್ಕೆ ಬೈಸಿಕೊಂಡೆ. ಮನೆಯಲ್ಲಿ ಹೇಳಲಿಲ್ಲ. ಅಮ್ಮನಿಗೆ ಹೇಳಿದರೆ ಅಪ್ಪನಿಗೆ ಗೊತ್ತಾಗುತ್ತದೆ, ಅಪ್ಪನಿಗೆ ಗೊತ್ತಾದರೆ ಕಾಲೇಜು ನಿಲ್ಲುತ್ತದೆ. ಹದಿನೇಳನೇ ವಯಸ್ಸಿನಲ್ಲಿ ನನಗೆ ತಿಳಿದಿದ್ದ ಲೆಕ್ಕ ಇಷ್ಟೇ.

ಈಗ ನಾನೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಜಗಳೂರು, ಹೊನ್ನಾಳಿ, ಚನ್ನಗಿರಿ, ಭರಮಸಾಗರದ ಕಡೆಯಿಂದ ಬರುವ ಹುಡುಗಿಯರ ಬಾಯಲ್ಲಿ ಅದೇ ಲೆಕ್ಕ ಕೇಳುತ್ತೇನೆ. ಅವರಲ್ಲಿ ಧೈರ್ಯಕ್ಕೆ ಕೊರತೆಯಿಲ್ಲ. ಕೂಗಿದರೆ ಮುಂದೇನು, ಯಾರು ಏನು ಮಾಡಬೇಕು, ಕಾನೂನು ಯಾರ ಕಡೆಗಿದೆ ಅನ್ನುವುದನ್ನು ಮಾತ್ರ ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಕಂಡಕ್ಟರಿಗೂ ಹೇಳಿಕೊಟ್ಟಿಲ್ಲ, ಪಕ್ಕದ ಸೀಟಿನಲ್ಲಿ ಕೂತವರಿಗೂ ಹೇಳಿಕೊಟ್ಟಿಲ್ಲ. ಎಲ್ಲ ಭಾರವೂ ಆ ಹುಡುಗಿಯ ಗಂಟಲಿನ ಮೇಲೆ ಬೀಳುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ನಮ್ಮಲ್ಲಿ ಇದಕ್ಕೆ "ಚುಡಾಯಿಸುವುದು" ಅನ್ನುತ್ತಾರೆ. ಆ ಮಾತಿನಲ್ಲಿ ಹುಡುಗಾಟದ ವಾಸನೆ ಇದೆ. ಕಾನೂನು ಇದನ್ನು ಹುಡುಗಾಟ ಅಂತ ನೋಡುವುದಿಲ್ಲ. 2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 74ನೇ ಕಲಂ ಪ್ರಕಾರ ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಮೈಮೇಲೆ ಕೈ ಹಾಕಿದರೆ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧ ಇದಲ್ಲ. 75ನೇ ಕಲಂ ಲೈಂಗಿಕ ಕಿರುಕುಳದ್ದು. ಬೇಡವೆಂದರೂ ಮೈ ತಾಗಿಸಿ ಮುಂದುವರಿಯುವುದು, ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ಹಿಡಿದು ತೋರಿಸುವುದು ಇವಕ್ಕೆ 3 ವರ್ಷದವರೆಗೆ ಶಿಕ್ಷೆ. ಬರೀ ಅಸಭ್ಯ ಮಾತಿಗೂ 1 ವರ್ಷದವರೆಗೆ ಇದೆ. ಬೇಡ ಅಂದ ಮೇಲೂ ಮತ್ತೆ ಮತ್ತೆ ಹಿಂಬಾಲಿಸಿ ಮಾತಿಗೆಳೆಯುವುದು 78ನೇ ಕಲಂನಲ್ಲಿ ಬರುತ್ತದೆ. ಮಾನಕ್ಕೆ ಕುಂದು ತರಬೇಕೆಂದೇ ಮಾಡಿದ ಸನ್ನೆ, ಸದ್ದು, ಮಾತು 79ರಲ್ಲಿ.

ಹುಡುಗಿಗೆ 18 ತುಂಬಿಲ್ಲದಿದ್ದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯೂ ಸೇರಿಕೊಳ್ಳುತ್ತದೆ. ಪಿಯುಸಿ ಮಕ್ಕಳಲ್ಲಿ ಹೆಚ್ಚಿನವರು ಈ ವಯಸ್ಸಿನವರೇ. ಲೈಂಗಿಕ ಉದ್ದೇಶದಿಂದ ಮುಟ್ಟಿದ್ದಕ್ಕೆ ಅಲ್ಲಿ 3ರಿಂದ 5 ವರ್ಷ ಶಿಕ್ಷೆ. ಪೋಕ್ಸೊ ಗಂಡುಮಕ್ಕಳಿಗೂ ಅನ್ವಯಿಸುತ್ತದೆ, ಬಸ್ಸಿನಲ್ಲಿ ಕಿರುಕುಳ ಅನುಭವಿಸುವ ಹುಡುಗರು ಬಾಯಿ ಬಿಡುವುದು ಇನ್ನೂ ಕಡಿಮೆ. "ಬಟ್ಟೆ ಮೇಲಿಂದ ತಾನೇ ಮುಟ್ಟಿದ್ದು?" ಎಂದು ಕೇಳುವವರಿದ್ದಾರೆ. ಬಾಂಬೆ ಹೈಕೋರ್ಟಿನ ಒಂದು ತೀರ್ಪು ಆ ಅರ್ಥ ಬರುವಂತೆ ಇತ್ತು. 2021ರ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಚರ್ಮಕ್ಕೆ ಚರ್ಮ ತಾಗಿರಬೇಕಿಲ್ಲ, ಮುಟ್ಟಿದವನ ಉದ್ದೇಶ ಮುಖ್ಯ ಎಂದು ಹೇಳಿತು. ಲಿಂಗತ್ವ ಅಲ್ಪಸಂಖ್ಯಾತರಿಗೆ ಲೈಂಗಿಕ ಹಿಂಸೆ ಕೊಟ್ಟರೆ ಅವರ ಹಕ್ಕುಗಳ ರಕ್ಷಣೆಗಿರುವ 2019ರ ಕಾಯ್ದೆಯಡಿ 6 ತಿಂಗಳಿಂದ 2 ವರ್ಷ ಶಿಕ್ಷೆ ಇದೆ.

ಉದ್ದೇಶ ಗೊತ್ತಾಗುವುದು ಹೇಗೆ? ರಶ್ಶಿನಲ್ಲಿ ಮೈಗೆ ಮೈ ತಾಗುವುದು ಇದ್ದದ್ದೇ. ಬ್ರೇಕಿಗೆ ಮೈಮೇಲೆ ಬಿದ್ದವನು ತಕ್ಷಣ ಹಿಂದೆ ಸರಿಯುತ್ತಾನೆ, ಕಂಬಿ ಹಿಡಿಯುತ್ತಾನೆ, ಎಷ್ಟೋ ಸಲ "ಸಾರಿ ಅಕ್ಕ" ಅನ್ನುತ್ತಾನೆ. ಇನ್ನೊಬ್ಬ ನೀವು ಸರಿದ ಕಡೆಗೇ ಸರಿಯುತ್ತಾನೆ. ಹಿಂದೆ ಜಾಗ ಇದ್ದರೂ ಅಲ್ಲಿಗೆ ಹೋಗುವುದಿಲ್ಲ. ಮುಖ ಕಿಟಕಿ ಕಡೆಗೆ ಇರುತ್ತದೆ, ಕೈ ಬೇರೆಲ್ಲೋ ಇರುತ್ತದೆ. ಒಂದು ಸಲ ಸರಿದು ನೋಡಿದರೆ ಮೈಗೇ ಗೊತ್ತಾಗುತ್ತದೆ. ಆ ಅರಿವನ್ನು ನಂಬಿ. "ನನ್ನದೇ ತಪ್ಪು ತಿಳಿವಳಿಕೆ ಇರಬಹುದು" ಎಂದು ನಾನು ಮೂರು ನಿಮಿಷ ಕಾದೆ. ಆ ಮೂರು ನಿಮಿಷ ಅವನಿಗೆ ಸಾಕಾಗಿತ್ತು.

ಇನ್ನು ಹೆಚ್ಚಿನವರಿಗೆ ಗೊತ್ತೇ ಇಲ್ಲದ ಒಂದು ಸಂಗತಿ. 2012ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಪ್ರಕರಣ ತಮಿಳುನಾಡಿನದು. 1999ರಲ್ಲಿ ತೆಂಕಾಸಿ ಬಸ್ ನಿಲ್ದಾಣದಲ್ಲಿ ಗಂಡನ ಜೊತೆ ಬಸ್ಸಿಗೆ ಕಾಯುತ್ತಿದ್ದ ಮಹಿಳೆಯನ್ನು ಚುಡಾಯಿಸಿದ ಆರೋಪ ಒಬ್ಬ ಪೊಲೀಸಿನವನ ಮೇಲೇ ಬಂದಿತ್ತು. ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು, ಅವನು ಖುಲಾಸೆಯಾದ. ಇಲಾಖೆ ಮಾತ್ರ ಅವನನ್ನು ಕೆಲಸದಿಂದ ತೆಗೆದುಹಾಕಿತ್ತು, ಆ ಕ್ರಮ ಸರಿ ಎಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಷ್ಟಕ್ಕೇ ನಿಲ್ಲದೆ ಇಡೀ ದೇಶಕ್ಕೆ ಕೆಲವು ನಿರ್ದೇಶನಗಳನ್ನೂ ಕೊಟ್ಟಿತು. ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಮಫ್ತಿಯಲ್ಲಿ ಮಹಿಳಾ ಪೊಲೀಸರು ಇರಬೇಕು. ಸಿಸಿ ಕ್ಯಾಮೆರಾ ಹಾಕಬೇಕು. ಬಸ್ಸಿನೊಳಗೆ ಇಂಥದ್ದು ನಡೆದು, ನೊಂದವರು ದೂರು ಹೇಳಿದರೆ, ಡ್ರೈವರ್ ಮತ್ತು ಕಂಡಕ್ಟರ್ ಬಸ್ಸನ್ನು ಹತ್ತಿರದ ಪೊಲೀಸ್ ಠಾಣೆಗೆ ತೆಗೆದುಕೊಂಡು ಹೋಗಬೇಕು. ಹೋಗದಿದ್ದರೆ ಆ ಬಸ್ಸಿನ ಪರ್ಮಿಟ್ ರದ್ದಾಗಬೇಕು.

ಈ ತೀರ್ಪು ಬಂದ ಹದಿನಾರನೇ ದಿನ, ಡಿಸೆಂಬರ್ 16ರ ರಾತ್ರಿ, ದೆಹಲಿಯಲ್ಲಿ ಚಲಿಸುವ ಬಸ್ಸಿನಲ್ಲಿ ಆ ಘೋರ ಘಟನೆ ನಡೆಯಿತು. ದೇಶವೆಲ್ಲ ಬೀದಿಗಿಳಿಯಿತು, 2013ರಲ್ಲಿ ಕಾನೂನು ಬಿಗಿಯಾಯಿತು. ಆ ಗದ್ದಲದಲ್ಲಿ ಬಸ್ಸನ್ನು ಠಾಣೆಗೆ ತಿರುಗಿಸುವ ಈ ಸರಳ ಮಾತು ಜನರ ಕಿವಿಗೆ ಬೀಳದೇ ಹೋಯಿತು ಅಂತ ನನಗೆ ಅನಿಸುತ್ತದೆ. ನನ್ನ ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹುಡುಗಿಯರು ಮೊದಲು ಕೇಳುವುದು ಒಂದೇ: "ಹೌದಾ ಮಿಸ್? ಬಸ್ಸನ್ನೇ ಒಯ್ಯಬೇಕಾ?"

ಒಯ್ದದ್ದನ್ನು ನಾನೇ ನೋಡಿದ್ದೇನೆ. ಒಂದು ಸಂಜೆ ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಬರುತ್ತಿದ್ದೆ. ಮುಂದಿನ ಸೀಟುಗಳ ಹತ್ತಿರ ನಿಂತಿದ್ದ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಜೋರಾಗಿ ಅಂದಳು: "ನೀಲಿ ಅಂಗಿ ಹಾಕ್ಕೊಂಡೋರೇ, ಕೈ ತೆಗೀರಿ." ಬಸ್ಸು ಒಮ್ಮೆಗೇ ತಣ್ಣಗಾಯಿತು. ಟಿಕೆಟ್ ಮಷಿನ್ ಹಿಡಿದು ಹಿಂದೆ ಇದ್ದ ಕಂಡಕ್ಟರ್ ಜನರ ನಡುವೆ ನುಗ್ಗಿ ಬಂದರು. ಆ ಹುಡುಗಿಯನ್ನು ಒಂದು ಮಾತೂ ಕೇಳದೆ, ಮೊದಲು ಅವನ ತೋಳು ಹಿಡಿದು ಬೇರೆ ಕಡೆ ನಿಲ್ಲಿಸಿದರು.

"ನಾನೇನ್ ಮಾಡ್ದೆ?"

"ಏನೂ ಮಾಡಿಲ್ಲ ಅಂದ್ರೆ ಅದನ್ನೇ ಸ್ಟೇಷನ್‌ನಲ್ಲಿ ಹೇಳೋರಂತೆ, ಇಲ್ಲಿ ನಿಂತ್ಕೊಳ್ರಿ."

ಆಮೇಲೆ ಹುಡುಗಿಯ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ಏನವ್ವಾ, ಸ್ಟೇಷನ್ ಹತ್ರ ನಿಲ್ಲಿಸ್ಲಾ? ನೀನು ಹೂಂ ಅಂದ್ರೆ ನಿಲ್ಲಿಸ್ತೀನಿ."

ಅವಳು ತಲೆ ಆಡಿಸಿದಳು. ಬಸ್ಸು ಠಾಣೆ ಮುಂದೆ ನಿಂತಿತು. ಕೆಲವರು ಗೊಣಗಿದರು, ಹಿಂದಿನಿಂದ ಒಬ್ಬರು "ಲೇಟಾಗುತ್ತೆ ಕಣ್ರಿ, ಅಲ್ಲೇ ಎರಡು ಕೊಟ್ಟು ಇಳಿಸ್ರಿ" ಅಂದರು. ಒಟ್ಟು ಇಪ್ಪತ್ತು ನಿಮಿಷ ಹಿಡಿಯಿತು. ನಾನೂ, ಸಂತೆ ಚೀಲ ಹಿಡಿದಿದ್ದ ಒಬ್ಬ ಅಜ್ಜಿಯೂ ಇಳಿದು ಕಂಡದ್ದನ್ನು ಹೇಳಿ, ವಿಳಾಸ, ಫೋನ್ ನಂಬರ್ ಬರೆಸಿ ಬಂದೆವು.

ಆ ಕಂಡಕ್ಟರ್ ಮಾಡಿದ ಮೂರೂ ಕೆಲಸವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಮೊದಲು ಅವನನ್ನು ದೂರ ಮಾಡಿದರು. ಎಲ್ಲರೆದುರು ಅವಳನ್ನು "ಎಲ್ಲಿ ಮುಟ್ಟಿದ, ಹೇಗೆ ಮುಟ್ಟಿದ" ಎಂದು ಪ್ರಶ್ನಿಸಲಿಲ್ಲ. ತೀರ್ಮಾನವನ್ನು ಅವಳ ಕೈಯಲ್ಲೇ ಬಿಟ್ಟರು. ಸಾಮಾನ್ಯವಾಗಿ ಆಗುವುದು ಬೇರೆ: ಹುಡುಗಿಯನ್ನು ಮುಂದಕ್ಕೆ ಕಳಿಸುತ್ತಾರೆ, ಅವನು ಇದ್ದಲ್ಲೇ ಇರುತ್ತಾನೆ, ಮುಂದಿನ ಸ್ಟಾಪಿನಲ್ಲಿ ಹತ್ತುವ ಇನ್ನೊಬ್ಬಳು ಅವನ ಪಕ್ಕಕ್ಕೇ ಬಂದು ನಿಲ್ಲುತ್ತಾಳೆ. ಕಂಡಕ್ಟರ್ ಕೆಲಸದ ಒತ್ತಡ ನನಗೆ ಗೊತ್ತು. ಟ್ರಿಪ್ ಸಮಯ, ಟಿಕೆಟ್ ಲೆಕ್ಕ, ಚೆಕಿಂಗ್‌ನವರ ಭಯ ಎಲ್ಲ ಇರುತ್ತದೆ. ಅದಕ್ಕೇ ಡಿಪೊದವರು ಮುಂದಾಗಿಯೇ ಹೇಳಿರಬೇಕು: ಇಂಥ ಕಾರಣಕ್ಕೆ ಬಸ್ಸು ತಡವಾದರೆ ನಿಮ್ಮನ್ನು ಯಾರೂ ಪ್ರಶ್ನಿಸುವುದಿಲ್ಲ ಎಂದು. ಖಾಸಗಿ ಬಸ್ಸಿನ ಮಾಲೀಕರೂ ಹೇಳಬೇಕು, ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಎಷ್ಟೋ ಹಳ್ಳಿಗಳಿಗೆ ಖಾಸಗಿ ಬಸ್ಸೇ ಗತಿ.

"ಎರಡು ಕೊಟ್ಟು ಇಳಿಸ್ರಿ" ಅನ್ನುವ ಸಲಹೆಯ ಬಗ್ಗೆ ಒಂದು ಮಾತು. ಹೊಡೆದು ಇಳಿಸಿದರೆ ಅವನು ಮರುದಿನ ಇನ್ನೊಂದು ಬಸ್ಸು ಹತ್ತುತ್ತಾನೆ. ಜನ ಸೇರಿ ಹೊಡೆಯುವುದು ಅದೇ ಒಂದು ಅಪರಾಧ, ಕೇಸೂ ಹಾಳಾಗುತ್ತದೆ. ಹಾಗಂತ ಬಿಟ್ಟು ಕಳಿಸಬೇಕಿಲ್ಲ. 74ನೇ ಕಲಂನಂಥ ಜಾಮೀನಿಲ್ಲದ ಅಪರಾಧ ಕಣ್ಣೆದುರೇ ನಡೆದರೆ ಸಾಮಾನ್ಯ ನಾಗರಿಕರೂ ಅವನನ್ನು ಹಿಡಿದು 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬಹುದು ಎಂದು ಬಂಧನ, ತನಿಖೆ, ವಿಚಾರಣೆಯ ರೀತಿ ತಿಳಿಸುವ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಹೇಳುತ್ತದೆ. ಆ ಕ್ಷಣದಲ್ಲಿ ತನ್ನ ಮೈ ಕಾಪಾಡಿಕೊಳ್ಳಲು ಹುಡುಗಿ ತಳ್ಳಿದರೆ, ಮೊಣಕೈಯಿಂದ ಗುದ್ದಿದರೆ, ನಮ್ಮ ಅಮ್ಮಂದಿರ ಕಾಲದಿಂದ ಸೆರಗಿನಲ್ಲಿರುವ ಪಿನ್ನು ಚುಚ್ಚಿದರೆ ಅದು ಆತ್ಮರಕ್ಷಣೆ, ತಪ್ಪಲ್ಲ.

ಕೂಗುವ ರೀತಿಯೂ ಮುಖ್ಯ. ಬರೀ "ಏಯ್" ಅಂದರೆ ಯಾರಿಗೂ ಅರ್ಥವಾಗುವುದಿಲ್ಲ, ಸೀಟಿನ ಜಗಳ ಅಂದುಕೊಳ್ಳುತ್ತಾರೆ. ಆ ಹುಡುಗಿ ಮಾಡಿದ ಹಾಗೆ ಅಂಗಿಯ ಬಣ್ಣ ಹೇಳಿ, ಅವನು ಮಾಡುತ್ತಿರುವುದನ್ನು ಹೇಳಿದರೆ ಇಡೀ ಬಸ್ಸಿನ ಕಣ್ಣು ಸರಿಯಾದ ಕಡೆಗೆ ತಿರುಗುತ್ತದೆ. ಗಂಟಲು ಕಟ್ಟಿದರೆ ಪಕ್ಕದ ಹೆಂಗಸಿನ ಕೈ ಹಿಡಿದುಕೊಳ್ಳಿ, ಕಿವಿಯಲ್ಲಿ ಹೇಳಿ. ಬಾಯೇ ಬಾರದೆ ಮೈ ಮರಗಟ್ಟಿ ನಿಲ್ಲುವುದೂ ಉಂಟು, ಭಯಕ್ಕೆ ದೇಹ ಹಾಗೆ ಪ್ರತಿಕ್ರಿಯಿಸುತ್ತದೆ. ಸುಮ್ಮನಿದ್ದಳು ಅಂದಮಾತ್ರಕ್ಕೆ ಒಪ್ಪಿಗೆ ಇತ್ತು ಎಂದಲ್ಲ.

ಅಂಥ ಹೊತ್ತಿನಲ್ಲಿ ಪಕ್ಕದವರು ಬೇಕು. ಜಗಳಕ್ಕೆ ಇಳಿಯಬೇಕಿಲ್ಲ. ಮುಖ ಬಾಡಿದ ಹುಡುಗಿಯೊಬ್ಬಳು ಪದೇ ಪದೇ ಸರಿಯುತ್ತಿರುವುದು ಕಂಡರೆ "ಬಾರವ್ವ, ಇಲ್ಲಿ ಕೂತ್ಕೊ" ಎಂದು ಕರೆದರೂ ಸಾಕು, "ನೀನು ಯಾವ ಊರಿನವಳು?" ಎಂದು ಮಾತಿಗೆ ಎಳೆದರೂ ಸಾಕು. ಅವನು ಮಾಡುವುದೆಲ್ಲ ಯಾರೂ ನೋಡುತ್ತಿಲ್ಲ ಅನ್ನುವ ಧೈರ್ಯದ ಮೇಲೆ ನಿಂತಿದೆ. ವಿಡಿಯೊ ತೆಗೆಯುವವರು ಅವನ ಮುಖ, ಕೈ ಕಾಣುವಂತೆ ತೆಗೆಯಿರಿ. ಅದನ್ನು ಪೊಲೀಸರಿಗೆ ಕೊಡಿ, ಸ್ಟೇಟಸ್ಸಿಗೆ ಹಾಕಬೇಡಿ. ಊರಿಗೆಲ್ಲ ಹಬ್ಬುವ ಆ ವಿಡಿಯೊದಲ್ಲಿ ಹುಡುಗಿಯೂ ಇರುತ್ತಾಳೆ. ಅವಳು 18ರೊಳಗಿನವಳಾದರೆ ಗುರುತು ಬಯಲು ಮಾಡುವುದೇ ಪೋಕ್ಸೊ ಪ್ರಕಾರ ಅಪರಾಧ.

ಫೋನ್ ನಂಬರುಗಳು: ತುರ್ತಿಗೆ 112. ಹೆಣ್ಣುಮಕ್ಕಳ ಸಹಾಯವಾಣಿ 181. ಮಕ್ಕಳಿಗೆ 1098. ರೈಲಿನಲ್ಲಿ 139. 112ಕ್ಕೆ ಕರೆ ಮಾಡುವಾಗ "ಬಸ್ಸಿನಲ್ಲಿದ್ದೀನಿ" ಅಂದರೆ ಅವರಿಗೆ ಜಾಗ ಸಿಗುವುದಿಲ್ಲ. ಯಾವ ಊರಿಂದ ಯಾವ ಊರಿಗೆ, ಈಗಷ್ಟೇ ದಾಟಿದ ಊರು ಯಾವುದು, ಬಸ್ಸಿನ ನಂಬರ್ ಏನು, ಇವಿಷ್ಟು ಹೇಳಿ. ಕೆಂಪು ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟನ್ನು ಕಿಟಕಿಯಿಂದ ಎಸೆಯಬೇಡಿ. ದಿನಾಂಕ, ಸಮಯ, ಎಲ್ಲಿಂದ ಎಲ್ಲಿಗೆ ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ, ನೀವು ಆ ಬಸ್ಸಿನಲ್ಲಿ ಇದ್ದಿರಿ ಅನ್ನುವುದಕ್ಕೆ ಅದೇ ದಾಖಲೆ. ಖಾಸಗಿ ಬಸ್ಸಾದರೆ ಹತ್ತುವಾಗಲೇ ಎದುರಿಗೆ ಬರೆದ ಬಸ್ಸಿನ ಹೆಸರು, ನಂಬರ್ ನೋಡಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಅಂದೇ ಹೇಳಲು ಆಗಲಿಲ್ಲ ಎನ್ನಿ. ದಾರಿ ಮುಚ್ಚಿಲ್ಲ. 74ನೇ ಕಲಂ ಅಪರಾಧಕ್ಕೆ ಇಷ್ಟೇ ದಿನದೊಳಗೆ ದೂರು ಕೊಡಬೇಕು ಅನ್ನುವ ಕಾಲಮಿತಿ ಇಲ್ಲ. ಆದರೆ ಸಾಕ್ಷಿಗೆ ಆಯಸ್ಸು ಕಡಿಮೆ, ನಿಲ್ದಾಣದ ಕ್ಯಾಮೆರಾದಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರುತ್ತದೆ. ಅದಕ್ಕೇ ಅಂದು ರಾತ್ರಿಯೇ ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ, ಯಾವ ಊರಿನ ಹತ್ತಿರ, ಎಲ್ಲಿ ನಿಂತಿದ್ದಿರಿ, ಅವನು ಹೇಗಿದ್ದ, ಏನು ಮಾಡಿದ, ಏನು ಅಂದ. ಅವನ ಕೊಳಕು ಮಾತನ್ನು ಅವನು ಆಡಿದ ಹಾಗೆಯೇ ಬರೆಯಬೇಕು. "ಅಸಭ್ಯವಾಗಿ ವರ್ತಿಸಿದನು" ಎಂದಷ್ಟೇ ಬರೆದ ದೂರು ಕೋರ್ಟಿನಲ್ಲಿ ಬಡಕಲಾಗುತ್ತದೆ. ಗೆಳತಿಗೆ ಆಗಲೇ ಒಂದು ವಾಟ್ಸ್ಆ್ಯಪ್ ಮೆಸೇಜ್ ಹಾಕಿದ್ದರೆ ಅದನ್ನು ಅಳಿಸಬೇಡಿ.

ದೂರು ಎಲ್ಲಿ ಕೊಡಬೇಕು ಅನ್ನುವ ಗೊಂದಲ ಬಸ್ಸಿನ ಪ್ರಕರಣದಲ್ಲಿ ಹೆಚ್ಚು. ದಾವಣಗೆರೆಯಲ್ಲಿ ಬಸ್ಸು ಹತ್ತಿದಿರಿ, ಆನಗೋಡು ದಾಟುವಾಗ ಕಿರುಕುಳ ಆಯಿತು, ಇಳಿದದ್ದು ಚಿತ್ರದುರ್ಗದಲ್ಲಿ. ಜಿಲ್ಲೆಯೇ ಬೇರೆ. "ಇದು ನಮ್ಮ ಲಿಮಿಟ್ಸ್ ಅಲ್ಲ, ಅಲ್ಲಿಗೆ ಹೋಗಮ್ಮ" ಎಂಬ ಮಾತು ಬರಬಹುದು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬೇಕು. ಇದನ್ನೇ ಝೀರೊ ಎಫ್‌ಐಆರ್ ಅನ್ನುವುದು, ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕೆಲಸ. ಪ್ರಯಾಣದ ನಡುವೆ ನಡೆದ ಅಪರಾಧವನ್ನು ಆ ದಾರಿ ಹಾದುಹೋಗುವ ಯಾವ ಊರಿನ ನ್ಯಾಯಾಲಯವೂ ವಿಚಾರಿಸಬಹುದು ಎಂಬ ನಿಯಮವೂ ಇದೆ. ಇ-ಮೇಲ್‌ನಂಥ ವಿದ್ಯುನ್ಮಾನ ರೂಪದಲ್ಲೂ ದೂರು ಕಳಿಸಬಹುದು, 3 ದಿನದೊಳಗೆ ಹೋಗಿ ಸಹಿ ಹಾಕಿದರಾಯಿತು. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಮುಂದೆ ತನಿಖೆಯ ಹೇಳಿಕೆಗೆ ಹೆಣ್ಣುಮಕ್ಕಳನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಮನೆಗೆ ಬಂದು ಪಡೆಯಬೇಕು.

ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. 74ನೇ ಕಲಂ ದೂರನ್ನು ದಾಖಲಿಸದ ಪೊಲೀಸ್ ಅಧಿಕಾರಿಗೇ 6 ತಿಂಗಳಿಂದ 2 ವರ್ಷ ಜೈಲು ಆಗಬಹುದು ಎಂದು ನ್ಯಾಯ ಸಂಹಿತೆಯ 199ನೇ ಕಲಂ ಹೇಳುತ್ತದೆ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗಾಗಿ ಸರ್ಕಾರ ನಡೆಸುವ ಜಿಲ್ಲೆಯ ಸಖಿ ಒನ್ ಸ್ಟಾಪ್ ಕೇಂದ್ರದವರ ನೆರವು ಕೇಳಿ. ವಕೀಲರ ಖರ್ಚಿನ ಚಿಂತೆ ಬೇಡ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತದೆ, ಅದರ ಸಹಾಯವಾಣಿ 15100. ಕೆಲಸದ ಜಾಗದವರು ಒದಗಿಸಿದ ವಾಹನದಲ್ಲಿ, ಉದಾಹರಣೆಗೆ ಗಾರ್ಮೆಂಟ್ಸ್ ಬಸ್ಸಿನಲ್ಲಿ, ಕಿರುಕುಳ ಆದರೆ ಅದು 2013ರ ಕಾಯ್ದೆಯಡಿ ಕೆಲಸದ ಸ್ಥಳದ ಕಿರುಕುಳವೂ ಹೌದು. ಅಲ್ಲಿನ ಆಂತರಿಕ ಸಮಿತಿಗೆ ದೂರು ಕೊಡಬಹುದು.

ಇಷ್ಟೆಲ್ಲ ಇದ್ದರೂ ಹುಡುಗಿಯ ಬಾಯಿ ಕಟ್ಟಿಹಾಕುವುದು ಮನೆ. ತಂದೆ ತಾಯಿಗಳಲ್ಲಿ ನಾನು ಕೈಮುಗಿದು ಕೇಳುವುದು ಒಂದೇ. ಮಗಳು ಬಂದು ಹೇಳಿದ ದಿನ ನೀವು ಆಡುವ ಮೊದಲ ಮಾತು "ನಾಳೆಯಿಂದ ಕಾಲೇಜು ಬೇಡ" ಎಂದಾಗಬಾರದು. "ನೀನ್ಯಾಕೆ ಆ ಬಸ್ಸಿಗೆ ಹೋದೆ", "ಯಾವ ಡ್ರೆಸ್ ಹಾಕಿದ್ದೆ" ಎಂದೂ ಆಗಬಾರದು. ನನ್ನ ಒಬ್ಬ ವಿದ್ಯಾರ್ಥಿನಿ ಎರಡನೇ ವರ್ಷಕ್ಕೆ ಓದು ಬಿಟ್ಟಳು. ಚೆನ್ನಾಗಿ ಓದುವ ಹುಡುಗಿ, ಲೆಕ್ಕದಲ್ಲಿ ಮುಂದು. ಬಸ್ಸಿನಲ್ಲಿ ಒಬ್ಬ ವಾರಗಟ್ಟಲೆ ಹಿಂದೆ ಬಿದ್ದಿದ್ದ, ಅವಳು ಮನೆಯಲ್ಲಿ ಹೇಳಿದಳು, ಮನೆಯವರು ಬಸ್ ಪಾಸು ತೆಗೆದಿಟ್ಟುಕೊಂಡರು. ಅವನು ಇಂದಿಗೂ ಅದೇ ದಾರಿಯಲ್ಲಿ ಓಡಾಡುತ್ತಿರಬಹುದು. ಈ ನೋವು ನನ್ನನ್ನು ಬಿಟ್ಟಿಲ್ಲ. ಅವಳು ಮೊದಲು ನನ್ನ ಹತ್ತಿರ ಬಂದಿದ್ದರೆ ಅನ್ನುವ ಯೋಚನೆಗಿಂತ, ಬರುವಂಥ ದಾರಿಯನ್ನು ನಾವು ಕಾಲೇಜಿನವರು ಅವಳಿಗೆ ತೋರಿಸಿರಲಿಲ್ಲ ಅನ್ನುವುದು ಹೆಚ್ಚು ಚುಚ್ಚುತ್ತದೆ. 18ರೊಳಗಿನ ಮಕ್ಕಳ ವಿಷಯ ಕಿವಿಗೆ ಬಿದ್ದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯಡಿ ಶಿಕ್ಷಕರೂ ಸೇರಿದಂತೆ ಎಲ್ಲರ ಕರ್ತವ್ಯ. ಮುಚ್ಚಿಟ್ಟರೆ ನಮಗೇ 6 ತಿಂಗಳವರೆಗೆ ಜೈಲು ಶಿಕ್ಷೆಯಾಗಬಹುದು.

"ಫ್ರೀ ಬಸ್ಸು ಬಂತು, ರಶ್ ಜಾಸ್ತಿ ಆಯ್ತು, ಇವೆಲ್ಲ ಆಗೋದೇ" ಎಂಬ ಮಾತು ಈಚೆಗೆ ಬಹಳ ಕೇಳುತ್ತಿದೆ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ನಾನು ದೊಡ್ಡಬಾತಿಯಲ್ಲಿ ಇಳಿದದ್ದು ಅದಕ್ಕೆ ಎಷ್ಟೋ ವರ್ಷ ಮೊದಲು, ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡಿದ್ದ ಬಸ್ಸಿನಿಂದ. ರಶ್ಶು ಅಪರಾಧ ಮಾಡುವುದಿಲ್ಲ, ಮಾಡುವವನಿಗೆ ಮರೆ ಕೊಡುತ್ತದೆ. ಮರೆ ಕಡಿಮೆ ಮಾಡುವುದು ಸಾಧ್ಯವಿದೆ. ಕಾಲೇಜು ಬಿಡುವ ಹೊತ್ತಿಗೆ ಒಂದು ಹೆಚ್ಚಿನ ಬಸ್ಸು, ತೋಳಹುಣಸೆಯ ವಿಶ್ವವಿದ್ಯಾಲಯದ ದಾರಿಯಲ್ಲಿ, ಜಗಳೂರು ದಾರಿಯಲ್ಲಿ. ನಿಲ್ದಾಣದ ಹಿಂಭಾಗದಲ್ಲಿ ಉರಿಯುವ ದೀಪ. ಬಸ್ಸಿನೊಳಗೆ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ 112.

ಇದನ್ನು ಕೇಳುವುದಕ್ಕೂ ಒಂದು ರೀತಿ ಇದೆ. ಹೋದ ವರ್ಷ ನಮ್ಮ ಹುಡುಗಿಯರು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು: ಯಾವ ದಾರಿ, ಎಷ್ಟು ಗಂಟೆಯ ಬಸ್ಸು, ಎಷ್ಟು ಜನ ನಿಂತಿದ್ದರು, ಏನಾಯಿತು. ಹೆಸರು ಬರೆಯಲಿಲ್ಲ. ಸಂಜೆ ನಾಲ್ಕೂವರೆಯಿಂದ ಐದೂವರೆಯ ನಡುವಿನ ಎರಡೇ ಬಸ್ಸುಗಳಲ್ಲಿ ಹೆಚ್ಚಿನವು ನಡೆದಿದ್ದವು. ಆ ಪಟ್ಟಿಯ ಒಂದು ಪ್ರತಿಯನ್ನು ಡಿಪೊ ಮ್ಯಾನೇಜರ್ ಅವರಿಗೆ, ಒಂದನ್ನು ಆರ್‌ಟಿಒ ಕಚೇರಿಗೆ, ಒಂದನ್ನು ಮಹಿಳಾ ಠಾಣೆಗೆ ಕೊಟ್ಟು, ಮೂರಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದೆವು. ಐದು ಗಂಟೆಗೆ ಇನ್ನೊಂದು ಬಸ್ಸು ಬಿಡಬೇಕು, ಆ ಒಂದು ಗಂಟೆಯಲ್ಲಿ ನಿಲ್ದಾಣದಲ್ಲಿ ಮಫ್ತಿಯ ಮಹಿಳಾ ಪೊಲೀಸರು ಇರಬೇಕು ಎಂದು ಕೇಳಿದ್ದೇವೆ. ಪತ್ರದ ಕೊನೆಯಲ್ಲಿ 2012ರ ತೀರ್ಪಿನ ಬಸ್ಸು, ಠಾಣೆ, ಪರ್ಮಿಟ್‌ನ ಸಾಲನ್ನು ಹುಡುಗಿಯರೇ ತಮ್ಮ ಕೈಬರಹದಲ್ಲಿ ಬರೆದಿದ್ದಾರೆ.